ಹಳೇ ಜೀಪಿನ ಸೈಡ್ ವಾಲ್ವ್ ಎಂಜಿನ್: ಉಸಿರಾಟ ಸಲೀಸು ಮಾಡುವುದು ಹೇಗೆ?

ಗೊಬ್ಬರದ ಚೀಲ ತುಂಬಿದ ಹಳೇ ಜೀಪು ಏರು ಹತ್ತುವಾಗ ತಿಣುಕುವುದನ್ನು ಮಲೆನಾಡಿನವರು ಎಲ್ಲರೂ ಕೇಳಿದ್ದೇವೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಂಜಿನ್ ಮೇಲೇಳುವುದಿಲ್ಲ. ಕೊನೆಗೆ ಗೇರ್ ಇಳಿಸಲೇಬೇಕು. ಆಗ ಹೆಚ್ಚಿನವರು ಹೇಳುವುದು ಒಂದೇ ಮಾತು: "ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿ." ನಾನು ಆ ಮಾತು ಒಪ್ಪುವುದಿಲ್ಲ. ಆ ಎಂಜಿನ್ನಿಗೆ ಶಕ್ತಿ ಇಲ್ಲ ಅಂತಲ್ಲ, ಅದಕ್ಕೆ ಉಸಿರು ಸಾಲುತ್ತಿಲ್ಲ. ಉಸಿರಾಟದ ದಾರಿ ಸರಿ ಮಾಡಿದರೆ ಅದೇ ಎಂಜಿನ್ ಅದೇ ಏರನ್ನು ಬೇರೆ ಥರ ಹತ್ತುತ್ತದೆ.

ನಮ್ಮದು ಸಾಗರದ ಕಡೆಯ ತೋಟ. ಅಪ್ಪಯ್ಯ ಓಡಿಸುತ್ತಿದ್ದ ಸಿಜೆ-3ಎ ಜೀಪು ಈಗ ನನ್ನ ಕೈಯಲ್ಲಿದೆ. ಅದರ ಎಂಜಿನ್ನನ್ನು ಎರಡು ಸಲ ಪೂರ್ತಿ ಬಿಚ್ಚಿ ಕೂರಿಸಿದ್ದೇನೆ. ಆ ಕೆಲಸದಲ್ಲಿ ಕಲಿತದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಮೊದಲು ನಿಮ್ಮ ಎಂಜಿನ್ ಯಾವುದು ನೋಡಿ

ಬಾನೆಟ್ ಎತ್ತಿ. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಚಪ್ಪಟೆ ಹಲಗೆಯ ಹಾಗಿದ್ದು, ಮೇಲೆ ಬರೀ ಬೋಲ್ಟು ಮತ್ತು ಪ್ಲಗ್ಗುಗಳು ಕಂಡರೆ ಅದು ಸೈಡ್ ವಾಲ್ವ್ ಎಂಜಿನ್, ಅಂದರೆ ವಾಲ್ವುಗಳು ಸಿಲಿಂಡರಿನ ಪಕ್ಕ ಬ್ಲಾಕಿನಲ್ಲೇ ಇರುವ ಫ್ಲಾಟ್‌ಹೆಡ್. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ, ಆಮೇಲೆ ಸಿಜೆ-2ಎ, ಸಿಜೆ-3ಎ ಜೀಪುಗಳಲ್ಲಿ ಬಂದದ್ದು ಇದೇ. ಹೆಸರು ಗೋ ಡೆವಿಲ್. 2199 ಸಿಸಿ, 4000 ಆರ್‌ಪಿಎಂನಲ್ಲಿ 60 ಎಚ್‌ಪಿ, ಕಂಪ್ರೆಷನ್ (ಸಿಲಿಂಡರಿಗೆ ಬಂದ ಗಾಳಿಯನ್ನು ಎಷ್ಟು ಪಟ್ಟು ಅದುಮುತ್ತದೆ ಅನ್ನುವ ಅಂಕಿ) 6.48. ಹೆಡ್ಡಿನ ಮೇಲೆ ರಾಕರ್ ಕವರ್ ಇದ್ದರೆ ನಿಮ್ಮದು ಎತ್ತರದ ಬಾನೆಟ್ಟಿನ ಸಿಜೆ-3ಬಿಯ ಹರಿಕೇನ್ ಎಂಜಿನ್. ಅದರಲ್ಲಿ ಗಾಳಿ ಎಳೆಯುವ ಇನ್ಟೇಕ್ ವಾಲ್ವ್ ಮೇಲಿದೆ, ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಮಾತ್ರ ಬ್ಲಾಕಿನಲ್ಲಿದೆ. ಈ ಲೇಖನದ ಅರ್ಧ ಭಾಗ ಅದಕ್ಕೆ ಹೊಂದುವುದಿಲ್ಲ.

ಈ ಎರಡು ಎಂಜಿನ್ನುಗಳನ್ನು ಹೋಲಿಸಿದರೆ ನಾನು ಹೇಳುವುದು ಅರ್ಥವಾಗುತ್ತದೆ. ಸಿಸಿ ಎರಡಕ್ಕೂ ಒಂದೇ. ಇನ್ಟೇಕ್ ವಾಲ್ವನ್ನು ಮೇಲಕ್ಕೆ ಒಯ್ದು ದೊಡ್ಡದು ಮಾಡಿ, ಕಂಪ್ರೆಷನ್ ಸ್ವಲ್ಪ ಏರಿಸಿದ್ದಕ್ಕೆ 60 ಇದ್ದದ್ದು 72 ಎಚ್‌ಪಿ ಆಯಿತು. ಗೋ ಡೆವಿಲ್ ಕೂಡ ಹುಟ್ಟಿನಿಂದ 60 ಎಚ್‌ಪಿ ಅಲ್ಲ. 48 ಎಚ್‌ಪಿಯ ಹಳೆಯ ಎಂಜಿನ್ನನ್ನು ವಿಲ್ಲಿಸ್ ಕಂಪನಿಯ ಎಂಜಿನಿಯರ್ ಬಾರ್ನಿ ರೂಸ್ ತಿದ್ದಿ ತಿದ್ದಿ ಅಲ್ಲಿಗೆ ತಂದದ್ದು.

ಸೈಡ್ ವಾಲ್ವಿನ ತೊಂದರೆ ಅದರ ದಾರಿಯಲ್ಲೇ ಇದೆ. ಗಾಳಿ ಪಕ್ಕದಿಂದ ಬ್ಲಾಕಿನೊಳಗೆ ಬರಬೇಕು, ಮೇಲಕ್ಕೆ ತಿರುಗಬೇಕು, ವಾಲ್ವ್ ದಾಟಬೇಕು, ಹೆಡ್ಡಿಗೆ ತಾಗಿ ಅಡ್ಡ ಹೋಗಬೇಕು, ಮತ್ತೆ ಕೆಳಗೆ ಸಿಲಿಂಡರಿಗೆ ಇಳಿಯಬೇಕು. ಒಂದು ಉಸಿರಿಗೆ ಇಷ್ಟು ತಿರುವು! ಅದರ ಮೇಲೆ ನಮ್ಮ ಊರಿನ ಎತ್ತರ. ಪ್ರತಿ 300 ಮೀಟರಿಗೆ ನೂರಕ್ಕೆ ಮೂರರಷ್ಟು ಶಕ್ತಿ ಕಡಿಮೆಯಾಗುತ್ತದೆ. 1343 ಮೀಟರಿನ ಕೊಡಚಾದ್ರಿಯ ನೆತ್ತಿಯ ಹತ್ತಿರ ಹೋದರೆ 60 ಎಚ್‌ಪಿ ಎಂಜಿನ್ 52ರ ಆಸುಪಾಸಿಗೆ ಇಳಿದಿರುತ್ತದೆ.

ಬಿಚ್ಚುವ ಮೊದಲು ಅಳೆಯಿರಿ

ಈಗ ಎಂಜಿನ್ ಹೇಗಿದೆ ಅಂತ ಗೊತ್ತಿಲ್ಲದೆ ಕೈ ಹಾಕಬೇಡಿ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದಿಟ್ಟು ಕಂಪ್ರೆಷನ್ ಗೇಜ್ ಹಾಕಿ. 100 ಪಿಎಸ್‌ಐ ಮೇಲಿದ್ದು, ನಾಲ್ಕರ ನಡುವೆ ವ್ಯತ್ಯಾಸ 10ರ ಒಳಗಿದ್ದರೆ ಒಳ್ಳೆಯದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸೋರುತ್ತಿದೆ ಅಥವಾ ಗ್ಯಾಸ್ಕೆಟ್ ಹೋಗಿದೆ. ರಿಂಗ್ ಸವೆದ ಎಂಜಿನ್ನಿಗೆ ಮೊದಲು ಬೋರಿಂಗ್, ಆಮೇಲೆ ಈ ಕೆಲಸ.

ಇನ್ನೊಂದು ವ್ಯಾಕ್ಯೂಮ್ ಗೇಜ್. ಇನ್ಟೇಕ್ ಮ್ಯಾನಿಫೋಲ್ಡಿಗೆ (ಕಾರ್ಬೊರೇಟರಿನಿಂದ ಬ್ಲಾಕಿಗೆ ಗಾಳಿ ಒಯ್ಯುವ ಕೊಳವೆ) ಜೋಡಿಸಿ, ಎಂಜಿನ್ ಐಡಲ್‌ನಲ್ಲಿ ಬಿಡಿ. ಸಮುದ್ರಮಟ್ಟದಲ್ಲಿ 17ರಿಂದ 21 ಇಂಚು ಬರಬೇಕು. ನಮ್ಮ ಸಾಗರ, ಶಿವಮೊಗ್ಗದ ಎತ್ತರದಲ್ಲಿ ಎರಡು ಇಂಚು ಕಡಿಮೆ ಬರುವುದು ಸಹಜ. ಮುಳ್ಳು ಒಂದೇ ಲಯದಲ್ಲಿ ಹೊಡೆದುಕೊಳ್ಳುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.

ಖರ್ಚಿಲ್ಲದ ಕೆಲಸ ಮೊದಲು

ಏರ್ ಫಿಲ್ಟರಿನ ಆಯಿಲ್ ಬದಲಿಸಿ. ಫಿಲ್ಟರಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪಿನೊಳಗೆ ಟಾರ್ಚ್ ಬಿಟ್ಟು ನೋಡಿ. ನಿಂತ ಜೀಪಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ. ಸೈಲೆನ್ಸರ್ ಒಳಗೆ ತುಕ್ಕು ಕಳಚಿ ಬಿದ್ದು ದಾರಿ ಮುಚ್ಚಿರುತ್ತದೆ. ಮರದ ಸುತ್ತಿಗೆಯಿಂದ ತಟ್ಟಿದಾಗ ಒಳಗೆ ಗಲಗಲ ಸದ್ದು ಬಂದರೆ ಬದಲಿಸಿ. ಕೆಲವರ ಜೀಪು ಇಷ್ಟಕ್ಕೇ ಸರಿಹೋಗುತ್ತದೆ. ಅಂಥವರು ಹೆಡ್ ಬಿಚ್ಚುವುದೇ ಬೇಡ.

ಹೆಡ್ ಬಿಚ್ಚುವುದು

ಮಲೆನಾಡಿನ ಮಳೆಗೆ ಹೆಡ್ ಬೋಲ್ಟು, ಸ್ಟಡ್ಡುಗಳು ಬ್ಲಾಕಿಗೆ ಕಚ್ಚಿಕೊಂಡಿರುತ್ತವೆ. ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬನ್ನಿ. ಜೋರು ಮಾಡಬೇಡಿ, ಸ್ಟಡ್ ಬ್ಲಾಕಿನೊಳಗೇ ಮುರಿದರೆ ಒಂದು ವಾರದ ಕೆಲಸ. ಹಳೇ ಗ್ಯಾಸ್ಕೆಟ್ಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದನ್ನು ಕೆರೆಯಬೇಡಿ, ಒದ್ದೆ ಮಾಡಿ ಮಾಸ್ಕ್ ಹಾಕಿಕೊಂಡು ತೆಗೆಯಿರಿ.

ನೀರು ಓಡುವ ಜಾಗದಲ್ಲಿ ಕೆಸರು ಕಟ್ಟಿರುತ್ತದೆ. ನಮ್ಮ ಎಂಜಿನ್ನಿನ ನಾಲ್ಕನೇ ಸಿಲಿಂಡರಿನ ಹಿಂದೆ ಬೆರಳುದ್ದ ಕೆಂಪು ಕೆಸರು ಗಟ್ಟಿಯಾಗಿತ್ತು, ತಂತಿಯಿಂದ ಕೆದಕಿ ತೆಗೆಯಬೇಕಾಯಿತು. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಸೈಡ್ ವಾಲ್ವ್ ಎಂಜಿನ್ನಿನಲ್ಲಿ ಬಿಸಿ ಹೊಗೆ ಬ್ಲಾಕಿನೊಳಗಿಂದಲೇ ಹೊರಗೆ ಹೋಗುತ್ತದೆ. ಶಕ್ತಿ ಜಾಸ್ತಿ ಆದಷ್ಟೂ ಬಿಸಿ ಜಾಸ್ತಿ.

ಬ್ಲಾಕ್ ತೊಳೆದ ಮೇಲೆ ವಾಲ್ವ್ ಸೀಟ್ (ವಾಲ್ವ್ ಮುಚ್ಚಿದಾಗ ಕೂರುವ ಅಂಚು) ಮತ್ತು ಸಿಲಿಂಡರಿನ ನಡುವಿನ ಜಾಗ ನೋಡಿ. ಬಿರುಕು ಬರುವುದೇ ಅಲ್ಲಿ. ಸೀಮೆಎಣ್ಣೆ ಹಚ್ಚಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಾಕಿ ಬಿಡಿ. ಬಿರುಕಿದ್ದರೆ ಅದರೊಳಗಿನ ಸೀಮೆಎಣ್ಣೆ ಪುಡಿಗೆ ಹೀರಿ ಗೆರೆ ಮೂಡುತ್ತದೆ.

ಗಾಳಿಯ ದಾರಿ ತಿದ್ದುವುದು

ಈ ಕೆಲಸದ ಜೀವ ಇರುವುದು ಇಲ್ಲಿ.

ನಮ್ಮ ಕಡೆ ಅಬ್ಬಿ ನೀರನ್ನು (ಗುಡ್ಡದಿಂದ ಹರಿದು ಬರುವ ನೀರು) ಅಡಕೆ ದಬ್ಬೆಯಲ್ಲಿ (ಸೀಳಿದ ಅಡಕೆ ಮರದ ದೋಣಿ) ಮನೆಗೆ ತರುತ್ತಿದ್ದರಲ್ವಾ? ಒಂದು ದಬ್ಬೆಯಿಂದ ಇನ್ನೊಂದಕ್ಕೆ ನೀರು ಬೀಳುವ ಕಡೆ ಅಂಚು ಸ್ವಲ್ಪ ಎದ್ದಿದ್ದರೂ ನೀರು ಸಿಡಿದು ಚೆಲ್ಲುತ್ತಿತ್ತು. ದಬ್ಬೆ ಎಷ್ಟು ಅಗಲ ಅನ್ನುವುದಕ್ಕಿಂತ ಜೋಡಣೆ ಎಷ್ಟು ನುಣುಪು ಅನ್ನುವುದೇ ಮುಖ್ಯ. ಎಂಜಿನ್ನಿನ ಗಾಳಿಗೂ ಹಾಗೇ. ನನಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿಯೊಬ್ಬರು ಹೇಳುತ್ತಿದ್ದರು: "ಗಾಳಿ ಹೋಗೋ ದಾರೀಲಿ ಮೆಟ್ಟಿಲು ಇರಬಾರ್ದು ಮಾರಾಯ್ರೆ, ಅಷ್ಟೇ."

ಇನ್ಟೇಕ್ ಪೋರ್ಟನ್ನು, ಅಂದರೆ ಬ್ಲಾಕಿನೊಳಗೆ ಗಾಳಿ ಬರುವ ದಾರಿಯನ್ನು, ಸಿಕ್ಕಾಪಟ್ಟೆ ದೊಡ್ಡದು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ. ದಾರಿ ದೊಡ್ಡದಾದರೆ ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ವೇಗ ಇಳಿಯುತ್ತದೆ. ಪೆಟ್ರೋಲ್ ಹನಿಯಾಗಿ ಗೋಡೆಗೆ ಅಂಟುತ್ತದೆ, ಎಳೆತ ಹೋಗುತ್ತದೆ. ರೇಸಿಗೆ ಅದು ಸರಿ ಇರಬಹುದು. ನಮಗೆ ಬೇಕಾದದ್ದು 1500ರಿಂದ 2500 ಆರ್‌ಪಿಎಂ ನಡುವಿನ ಎಳೆತ. ಈ ಎಂಜಿನ್ ತನ್ನ ಗರಿಷ್ಠ ಟಾರ್ಕ್ ಕೊಡುವುದೇ 2000 ಆರ್‌ಪಿಎಂನಲ್ಲಿ. ಅದನ್ನು ಕಳೆದುಕೊಳ್ಳಬಾರದು.

ವಾಲ್ವ್, ಸ್ಪ್ರಿಂಗ್ ಬಿಚ್ಚಿ. ಯಾವ ವಾಲ್ವ್ ಯಾವ ಜಾಗದ್ದು ಅಂತ ರಟ್ಟಿನಲ್ಲಿ ತೂತು ಮಾಡಿ ಸಾಲಾಗಿ ಚುಚ್ಚಿಡಿ. ಗೈಡಿನಲ್ಲಿ ವಾಲ್ವ್ ಅಲ್ಲಾಡುತ್ತಿದ್ದರೆ ಗೈಡ್ ಬದಲಿಸಿ. ಟ್ಯಾಪೆಟ್ ಕೋಣೆ, ಆಯಿಲ್ ಇಳಿಯುವ ತೂತು, ಸಿಲಿಂಡರ್ ಎಲ್ಲಕ್ಕೂ ಬಟ್ಟೆ ತುರುಕಿ ಮೇಲೆ ಟೇಪ್ ಹಚ್ಚಿ. ಎರಕದ ಪುಡಿ ಒಂದು ಚಿಟಿಕೆ ಒಳಗೆ ಹೋದರೂ ಬೇರಿಂಗ್ ತಿಂದು ಹಾಕುತ್ತದೆ.

ಈಗ ವಾಲ್ವ್ ತೂತಿನೊಳಗೆ ಬೆರಳು ಹಾಕಿ. ಸೀಟಿನ ಕೆಳಗೆ ಒಂದು ಚೂಪಾದ ಅಂಚು ಸಿಗುತ್ತದೆ. ಎರಕ ಮುಗಿದು ಯಂತ್ರದ ಕಟ್ಟರ್ ಶುರುವಾದ ಜಾಗ ಅದು. ಗಾಳಿ ಮೊದಲು ಮುಗ್ಗರಿಸುವುದು ಇಲ್ಲೇ. ಡೈ ಗ್ರೈಂಡರಿಗೆ ಕಾರ್ಬೈಡ್ ಬರ್ ಹಾಕಿ ಆ ಅಂಚನ್ನು ಮಾತ್ರ ಇಳಿಜಾರು ಮಾಡಿ. ಆಮೇಲೆ ಪಕ್ಕದಿಂದ ಬಂದ ದಾರಿ ಮೇಲಕ್ಕೆ ತಿರುಗುವ ಒಳಮೂಲೆ. ಅದನ್ನು ಚೂಪು ಬಿಡದೆ ದುಂಡು ಮಾಡಿ. ಬರ್ ಒತ್ತಬೇಡಿ, ತೇಲಿಸುತ್ತಾ ಹೋಗಿ. ಎರಡು ನಿಮಿಷಕ್ಕೊಮ್ಮೆ ಬೆರಳಿನಿಂದ ಮುಟ್ಟಿ ನೋಡಿ. ಕಣ್ಣಿಗೆ ಕಾಣದ ಏರುತಗ್ಗು ಬೆರಳಿಗೆ ಸಿಗುತ್ತದೆ. ಗೋಡೆಯ ಆಚೆ ನೀರಿದೆ ಅನ್ನುವುದು ನೆನಪಿರಲಿ. ಹಳೇ ಎರಕದಲ್ಲಿ ಗೋಡೆಯ ದಪ್ಪ ಒಂದೇ ಸಮ ಇರುವುದಿಲ್ಲ. ಒಂದು ಮಿಲಿಮೀಟರಿಗಿಂತ ಜಾಸ್ತಿ ಎಲ್ಲೂ ತೆಗೆಯಬೇಡಿ.

ಗೋ ಡೆವಿಲ್‌ನಲ್ಲಿ ಒಂದು ಮತ್ತು ಎರಡನೇ ಸಿಲಿಂಡರಿಗೆ ಇನ್ಟೇಕ್ ಬಾಯಿ ಒಂದೇ. ಮೂರು ಮತ್ತು ನಾಲ್ಕಕ್ಕೂ ಹಾಗೇ. ಫೈರಿಂಗ್ ಆರ್ಡರ್ 1-3-4-2. ಅಂದರೆ ಒಂದೇ ಬಾಯಿಂದ ಎರಡು ಸಿಲಿಂಡರ್ ಒಂದರ ಬೆನ್ನಿಗೆ ಒಂದು ಉಸಿರು ಎಳೆಯುತ್ತವೆ, ಆಮೇಲೆ ಆ ಬಾಯಿ ಸುಮ್ನೆ ಇರುತ್ತದೆ. ದಾರಿ ಕವಲೊಡೆಯುವ ಮೂಗನ್ನು ಕತ್ತರಿಸಿ ಹಾಕಿದರೆ ಒಂದು ಸಿಲಿಂಡರ್ ಇನ್ನೊಂದರ ಪಾಲು ಕದಿಯುತ್ತದೆ. ಮೂಗನ್ನು ದುಂಡು ಮಾಡಿ, ತೆಗೆಯಬೇಡಿ.

ಇನ್ಟೇಕ್ ದಾರಿಗೆ ಕನ್ನಡಿಯ ಹೊಳಪು ಬೇಡ. 80 ನಂಬರಿನ ಎಮರಿಯ ಒರಟು ಸಾಕು, ಅಂಟಿದ ಪೆಟ್ರೋಲ್ ಹನಿ ಮತ್ತೆ ಗಾಳಿಗೆ ಏಳಲು ಅದೇ ಒಳ್ಳೆಯದು. ಎಕ್ಸಾಸ್ಟ್ ದಾರಿಯನ್ನು ಮಾತ್ರ ಎಷ್ಟು ನುಣುಪು ಮಾಡಿದರೂ ಒಳ್ಳೆಯದೇ, ಮಸಿ ಹಿಡಿಯುವುದಿಲ್ಲ.

ಆಮೇಲೆ ಮ್ಯಾನಿಫೋಲ್ಡ್. ಬ್ಲಾಕಿನ ಮೈಗೆ ಬಣ್ಣ ಹಚ್ಚಿ, ಹೊಸ ಗ್ಯಾಸ್ಕೆಟ್ಟನ್ನು ಸ್ಟಡ್ಡಿಗೆ ತೂರಿಸಿ, ತೂತಿನ ಸುತ್ತ ಸೂಜಿಯಿಂದ ಗೀರಿ. ಮ್ಯಾನಿಫೋಲ್ಡಿಗೂ ಹಾಗೇ ಮಾಡಿ. ಎರಡೂ ಬಾಯಿಗಳನ್ನು ಗೀರಿನ ತನಕ ತಂದು, ಒಳಗೆ ಒಂದಿಂಚು ಇಳಿಜಾರಾಗಿ ಬೆರೆಸಿ. ದಬ್ಬೆ ಜೋಡಿಸುವ ಕೆಲಸವೇ ಇದು. ಮ್ಯಾನಿಫೋಲ್ಡಿನ ಮುಖ ಸೊಟ್ಟಗಿದ್ದರೆ ಲೇತ್ ಅಂಗಡಿಯಲ್ಲಿ ಸಪಾಟು ಮಾಡಿಸಿ. ಇಲ್ಲದಿದ್ದರೆ ಗಾಳಿ ಸೋರಿ ಎಲ್ಲ ಶ್ರಮ ವ್ಯರ್ಥ.

ವಾಲ್ವ್ ಮತ್ತು ಸೀಟ್

ಪೋರ್ಟ್ ಕೆಲಸ ಮುಗಿದ ಮೇಲೆ ಸೀಟ್ ಕಟ್ ಮಾಡಿಸಿ, ಮೊದಲು ಅಲ್ಲ. ಬರ್ ಜಾರಿದರೆ ಹೊಸ ಸೀಟ್ ಹಾಳು. ವಾಲ್ವ್ ಕೂರುವ ಕೋನ 45 ಡಿಗ್ರಿ. ಅದರ ಮೇಲೆ 30, ಕೆಳಗೆ 60 ಡಿಗ್ರಿ ಕಟ್ ಹಾಕಿಸಿ. ಮೂರು ಕೋನ ಸೇರಿದರೆ ಗಾಳಿಗೆ ಚೂಪು ತಿರುವು ಸಿಗುವುದಿಲ್ಲ. ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಲಾಭ ಇದರಿಂದಲೇ. ಸೀಟಿನ ಅಗಲ ಇನ್ಟೇಕಿಗೆ 1.5 ಮಿಲಿಮೀಟರ್, ಎಕ್ಸಾಸ್ಟಿಗೆ 2. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಸೀಟಿಗೆ ದಾಟಿಸಿಯೇ ಬದುಕುವುದು, ಅದಕ್ಕೆ ಅಗಲ ಬೇಕು.

ನಮ್ಮ ದೇಶದಲ್ಲಿ 2000ದಿಂದ ಸೀಸದ ಪೆಟ್ರೋಲ್ ಇಲ್ಲ. ಸೀಸವೇ ಹಿಂದೆ ಸೀಟಿಗೆ ಮೆತ್ತೆಯಾಗಿತ್ತು. ಹಾಗಾಗಿ ಎಕ್ಸಾಸ್ಟಿನ ಸೀಟ್ ಇನ್ಸರ್ಟ್ ಸವೆದಿದ್ದರೆ ಗಟ್ಟಿ ಲೋಹದ್ದೇ ಹಾಕಿಸಿ. ಆಮೇಲೆ ಪೇಸ್ಟ್ ಹಚ್ಚಿ, ವಾಲ್ವನ್ನು ಸೀಟಿನ ಮೇಲೆ ಕೈಯಲ್ಲೇ ತಿರುಗಿಸಿ ಉಜ್ಜಿ ಲ್ಯಾಪಿಂಗ್ ಮಾಡಿ. ಸುತ್ತಲೂ ಕಡಿಯದ ಬೂದು ಬಣ್ಣದ ಉಂಗುರ ಮೂಡುವ ತನಕ ಮಾಡಿ. ಟ್ಯಾಪೆಟ್ ಗ್ಯಾಪ್ (ವಾಲ್ವಿನ ಕಾಲು ಮತ್ತು ಅದನ್ನು ಎತ್ತುವ ಟ್ಯಾಪೆಟ್ಟಿನ ನಡುವಿನ ಸಂದು) ಸಿಜೆ-3ಎಗೆ ತಣ್ಣಗಿದ್ದಾಗ 0.016 ಇಂಚು. ಬಿಗಿ ಇಟ್ಟರೆ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ.

ಹೆಡ್: ಎಷ್ಟು ಉಜ್ಜಿಸಬೇಕು?

ನಾನು ಪೆಟ್ಟು ತಿಂದದ್ದು ಇಲ್ಲಿ. ಮೊದಲ ಸಲ ಹೆಡ್ಡನ್ನು ಒಂದು ಅಂಗಡಿಗೆ ಕೊಟ್ಟು ಒಂದು ಮಿಲಿಮೀಟರ್ ಉಜ್ಜಿ ಅಂದಿದ್ದೆ. ಅವರು ತೆಗೆದದ್ದು ಎರಡೂವರೆ. ನಾನು ಅಳೆಯದೆ ಕೂರಿಸಿದೆ. ಐಡಲ್ ಬಹಳ ಚೆನ್ನಾಗಿತ್ತು, ಶುರುವಿನ ಎಳೆತವೂ ಚೆನ್ನಾಗಿತ್ತು. ಹುಲಿಕಲ್ ಘಾಟಿಯಲ್ಲಿ ಭಾರ ಹೊತ್ತು ಹತ್ತುವಾಗ ಮಾತ್ರ ಎಂಜಿನ್ ಗಂಟಲು ಹಿಸುಕಿದ ಹಾಗೆ ಒದ್ದಾಡಿತು. ಕಾರಣ ಸರಳ. ವಾಲ್ವಿನಿಂದ ಸಿಲಿಂಡರಿಗೆ ಗಾಳಿ ಹೋಗುವುದು ಹೆಡ್ಡಿನ ಗುಳಿಯ ಮೂಲಕ. ಹೆಡ್ ಉಜ್ಜಿದಷ್ಟೂ ಕಂಪ್ರೆಷನ್ ಏರುತ್ತದೆ, ಆದರೆ ಅದೇ ದಾರಿ ತಗ್ಗುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಕೊನೆಗೆ ಬೇರೆ ಹೆಡ್ ಹುಡುಕಬೇಕಾಯಿತು.

ಲೆಕ್ಕ ಹೀಗಿದೆ. ಒಂದು ಸಿಲಿಂಡರಿಗೆ 550 ಸಿಸಿ. ಕಂಪ್ರೆಷನ್ 6.48 ಇದ್ದಾಗ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 100 ಸಿಸಿ. 7ಕ್ಕೆ ಏರಿಸಲು ಅದು 92 ಸಿಸಿ ಆಗಬೇಕು. ಅಂದರೆ ಕಡಿಮೆ ಮಾಡಬೇಕಾದದ್ದು ಬರೀ 8 ಸಿಸಿ. 7 ಸಾಕು. ಆ ಕಾಲದ ಪೆಟ್ರೋಲಿಗಿಂತ ಇವತ್ತಿನ ಪೆಟ್ರೋಲಿನ ಆಕ್ಟೇನ್ ಎಷ್ಟೋ ಹೆಚ್ಚು, ನಾಕಿಂಗ್ (ಪೆಟ್ರೋಲ್ ಹೊತ್ತಿಕೊಳ್ಳಬಾರದ ಹಾಗೆ ಸಿಡಿದು ಕಿಣಿಕಿಣಿ ಅನ್ನುವುದು) ಭಯ ಇಲ್ಲ. ಇನ್ನೂ ಏರಿಸದಿರಲು ಕಾರಣ ಗಾಳಿಯ ದಾರಿ.

ಎಷ್ಟು ಮಿಲಿಮೀಟರ್ ಅಂತ ತಿಳಿಯಲು ಹೆಡ್ಡನ್ನು ಮಗುಚಿ, ಮಟ್ಟ ನೋಡಿ ಇಡಿ. ಪ್ಲಗ್ ಹಾಕಿ ಗುಳಿಗೆ ಅಂಚಿನ ತನಕ ತೆಳು ಎಣ್ಣೆ ತುಂಬಿ. ಸಿರಿಂಜಿನಿಂದ 8 ಸಿಸಿ ಹೀರಿ ತೆಗೆಯಿರಿ. ಎಣ್ಣೆಯ ಮಟ್ಟ ಎಷ್ಟು ಇಳಿಯಿತೋ ಅಷ್ಟೇ ಉಜ್ಜಿಸಬೇಕು. ಅಂಗಡಿಗೆ ಕೊಡುವ ಮೊದಲೂ ತಂದ ಮೇಲೂ ಹೆಡ್ಡಿನ ದಪ್ಪ ನೀವೇ ಅಳೆಯಿರಿ.

ಕೂರಿಸುವ ಮೊದಲು ಪಿಸ್ಟನ್ ಮತ್ತು ವಾಲ್ವುಗಳ ಮೇಲೆ ಮಕ್ಕಳು ಆಡುವ ಮೇಣದ ಜೇಡಿ ಇಡಿ. ಹಳೇ ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿದು, ಹ್ಯಾಂಡಲ್ಲಿನಿಂದ ಎರಡು ಸುತ್ತು ತಿರುಗಿಸಿ. ಬಿಚ್ಚಿ, ಜೇಡಿಯನ್ನು ಬ್ಲೇಡಿನಿಂದ ಸೀಳಿ ದಪ್ಪ ನೋಡಿ. ವಾಲ್ವ್ ಪೂರ್ತಿ ಎದ್ದಾಗ ಹೆಡ್ಡಿಗೆ ಕನಿಷ್ಠ 2 ಮಿಲಿಮೀಟರ್ ಇರಲಿ. ಪಿಸ್ಟನ್ ಮೇಲೆ 1.2ಕ್ಕಿಂತ ಕಡಿಮೆ ಬೇಡ. ಆದರೆ ಅಲ್ಲಿ ತುಂಬಾ ಜಾಗ ಬಿಡುವುದೂ ತಪ್ಪು. ಪಿಸ್ಟನ್ ಹೆಡ್ಡಿಗೆ ಹತ್ತಿರ ಬಂದಾಗ ನಡುವಿನ ಗಾಳಿ ವಾಲ್ವಿನ ಕಡೆಗೆ ಚಿಮ್ಮಿ ಸುಳಿ ಏಳುತ್ತದೆ, ಬೆಂಕಿ ಬೇಗ ಹರಡುತ್ತದೆ. ಮೊದಲ ಮಹಾಯುದ್ಧದ ನಂತರ ಬ್ರಿಟಿಷ್ ಎಂಜಿನಿಯರ್ ಹ್ಯಾರಿ ರಿಕಾರ್ಡೊ ತೋರಿಸಿಕೊಟ್ಟ ಸೂತ್ರ ಇದು. ಸೈಡ್ ವಾಲ್ವ್ ಎಂಜಿನ್ನಿಗೆ ಅಷ್ಟು ವರ್ಷ ಆಯಸ್ಸು ಸಿಕ್ಕಿದ್ದರಲ್ಲಿ ಅವರ ಪಾಲು ದೊಡ್ಡದು.

ಕೆಲವರು ಬ್ಲಾಕಿನ ಮೇಲೆ ವಾಲ್ವಿನಿಂದ ಸಿಲಿಂಡರಿಗೆ ಕಾಲುವೆಯಂತೆ ತಗ್ಗು ಕೊರೆಯುತ್ತಾರೆ. ನಾನು ಬೇಡ ಅನ್ನುತ್ತೇನೆ. ಏರಿಸಿದ ಕಂಪ್ರೆಷನ್ ಇಳಿದುಹೋಗುತ್ತದೆ. ಆಳ ಜಾಸ್ತಿಯಾದರೆ ಮೇಲಿನ ರಿಂಗಿಗೇ ಬೆಂಕಿ ತಾಗುತ್ತದೆ. ಸಿಲಿಂಡರಿನ ಬಾಯಿಯಲ್ಲಿ ವಾಲ್ವ್ ಕಡೆಯ ಚೂಪು ಅಂಚನ್ನು ಒಂದೂವರೆ ಮಿಲಿಮೀಟರಿನಷ್ಟು ದುಂಡು ಮಾಡಿ, ಸಾಕು.

ಕೂರಿಸುವುದು

ಬ್ಲಾಕನ್ನು ಸೋಪು ನೀರಿನಲ್ಲಿ ಉಜ್ಜಿ ತೊಳೆದು, ಗಾಳಿ ಹೊಡೆದು, ತಕ್ಷಣ ಎಣ್ಣೆ ಸವರಿ. ನಮ್ಮ ತೇವಕ್ಕೆ ಒಂದು ರಾತ್ರಿಯಲ್ಲೇ ತುಕ್ಕು ಹಿಡಿಯುತ್ತದೆ. ಬಿಳಿ ಬಟ್ಟೆಯಿಂದ ಸಿಲಿಂಡರ್ ಒರೆಸಿ, ಬಟ್ಟೆ ಬೂದಾಗುತ್ತಿದ್ದರೆ ಮತ್ತೆ ತೊಳೆಯಿರಿ. ಹೆಡ್ ಬೋಲ್ಟನ್ನು ನಡುವಿನಿಂದ ಹೊರಗೆ, ಮೂರು ಸುತ್ತಿನಲ್ಲಿ 60ರಿಂದ 65 ಅಡಿ-ಪೌಂಡಿಗೆ ಬಿಗಿಯಿರಿ. ಎಂಜಿನ್ ಒಮ್ಮೆ ಬಿಸಿಯಾದ ಮೇಲೆ ಮತ್ತೊಮ್ಮೆ.

ಕಾರ್ಬೊರೇಟರ್, ಪೆಟ್ರೋಲ್, ಟೈಮಿಂಗ್

ಗಾಳಿ ಜಾಸ್ತಿ ಹೋದರೆ ಪೆಟ್ರೋಲೂ ಜಾಸ್ತಿ ಬೇಕು. ಅದರ ಜೊತೆಗೆ ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲ್. ನೂರಕ್ಕೆ 20 ಎಥೆನಾಲ್ ಇದ್ದರೆ ಅದೇ ಗಾಳಿಗೆ ಸುಮಾರು 8 ಭಾಗ ಹೆಚ್ಚು ಇಂಧನ ಬೇಕು. ಹಳೇ ಜೆಟ್ಟಿನಲ್ಲೇ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಓಡಿಸಿದರೆ ಮಿಶ್ರಣ ತೆಳುವಾಗಿ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಜೆಟ್ಟಿನ ತೂತು ನೂರಕ್ಕೆ 4ರಷ್ಟು ಅಗಲವಾದರೆ ಆ 8 ಭಾಗ ಸಿಕ್ಕಿಬಿಡುತ್ತದೆ. ಹಾಗಾಗಿ ತೂತು ಕೊರೆಯಬೇಡಿ, ಒಂದು ನಂಬರ್ ದೊಡ್ಡ ಜೆಟ್ ತಂದು ಹಾಕಿ ನೋಡಿ. ಪೆಟ್ರೋಲ್ ಪಂಪಿನ ಡಯಾಫ್ರಾಮ್ ಮತ್ತು ರಬ್ಬರ್ ಪೈಪನ್ನು ಎಥೆನಾಲ್ ತಡೆಯುವ ರಬ್ಬರಿನದ್ದಕ್ಕೆ ಬದಲಿಸಿ.

ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪ್ 0.020, ಪ್ಲಗ್ ಗ್ಯಾಪ್ 0.030 ಇಂಚು. ಟೈಮಿಂಗ್ (ಪಿಸ್ಟನ್ ಪೂರ್ತಿ ಮೇಲೆ ಬರುವ ಮೊದಲು ಕಿಡಿ ಹಾರುವ ಕೋನ) 5 ಡಿಗ್ರಿಯಿಂದ ಶುರು ಮಾಡಿ. ಏರಿನಲ್ಲಿ ಕಿಣಿಕಿಣಿ ಸದ್ದು ಬಂದರೆ ಸ್ವಲ್ಪ ಹಿಂದಕ್ಕೆ ಇಡಿ. ರೇಡಿಯೇಟರ್ ಒಳಗೂ ಹೊರಗೂ ತೊಳೆಸಿ.

ಓಡಿಸಿ ನೋಡುವುದು

ಮೊದಲ 500 ಕಿಲೋಮೀಟರ್ ಭಾರ ಹೇರಬೇಡಿ. ಆಮೇಲೆ ಹೆಡ್ ಬೋಲ್ಟ್, ಟ್ಯಾಪೆಟ್ ಮತ್ತೆ ನೋಡಿ, ಕಂಪ್ರೆಷನ್ ಮತ್ತು ವ್ಯಾಕ್ಯೂಮ್ ಅಳೆದು ಪುಸ್ತಕದ ಹಳೇ ಅಂಕಿಯ ಪಕ್ಕ ಬರೆಯಿರಿ. ಪರೀಕ್ಷೆಗೆ ನಿಮಗೆ ಗೊತ್ತಿರುವ ಒಂದೇ ಏರು, ಒಂದೇ ಭಾರ ಇರಲಿ. ನಮ್ಮ ಜೀಪಿಗೆ ಇರುವುದು ಮೂರೇ ಗೇರು. ತೋಟದಿಂದ ರಸ್ತೆಗೆ ಹತ್ತುವ ಏರಿನಲ್ಲಿ ಮೊದಲು ಹಲಸಿನ ಮರದ ಹತ್ತಿರವೇ ಎರಡಕ್ಕೆ ಇಳಿಸುತ್ತಿದ್ದೆ. ಈಗ ಮೂರರಲ್ಲೇ ಮೇಲಿನ ದಣಪೆ (ಬೇಲಿಯ ಗೇಟು) ತನಕ ಬರುತ್ತದೆ.

ಘಾಟಿ ಹತ್ತಿದ ಕೂಡಲೇ ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಪ್ಲಗ್ ತೆಗೆದು ನೋಡಿ. ತುದಿ ಕಾಫಿ ಪುಡಿಯ ಬಣ್ಣಕ್ಕಿದ್ದರೆ ಜೆಟ್ ಸರಿಯಿದೆ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಜೆಟ್ ಇನ್ನೊಂದು ನಂಬರ್ ದೊಡ್ಡದು ಮಾಡಿ. ಮಳೆಗಾಲದಲ್ಲಿ ಜೀಪು ವಾರಗಟ್ಟಲೆ ನಿಲ್ಲುವುದಿದ್ದರೆ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗದ ತೇವವನ್ನು ಎಥೆನಾಲ್ ಹೀರಿಕೊಂಡು, ತಳದಲ್ಲಿ ನೀರಾಗಿ ನಿಲ್ಲುತ್ತದೆ. ಮಳೆ ಬಿಟ್ಟ ಮೇಲೆ ಸ್ಟಾರ್ಟ್ ಮಾಡುವ ಮೊದಲು ಟ್ಯಾಂಕಿನ ತಳದ ಪ್ಲಗ್ ಬಿಚ್ಚಿ ಒಂದು ಲೋಟದಷ್ಟು ಗಾಜಿನ ಬಾಟಲಿಗೆ ಹಿಡಿದು ನೋಡಿ. ಎರಡು ಪದರ ಕಂಡರೆ ಆ ಪೆಟ್ರೋಲನ್ನು ಎಂಜಿನ್ನಿಗೆ ಬಿಡಬೇಡಿ.